ರೆಕ್ಕೆಯ ಸದ್ದಿಗೆ ಯಾವ ಅಂಚು ಒಳ್ಳೆಯದು: ರಬ್ಬರ್, ಗರಗಸ, ಬ್ರಷ್

ಮೋಟಾರ್ ಆಫ್ ಮಾಡಿ ತೇಲಿಬಿಟ್ಟರೂ ಆರ್‌ಸಿ (ರಿಮೋಟ್‌ನಲ್ಲಿ ಹಾರಿಸುವ ಪುಟ್ಟ) ವಿಮಾನ ತಲೆ ಮೇಲೆ ಹೋಗುವಾಗ ಸುಯ್ ಅನ್ನುತ್ತದೆ ಅಲ್ವಾ? ಅದರಲ್ಲಿ ದೊಡ್ಡ ಪಾಲು ರೆಕ್ಕೆಯ ಹಿಂದಂಚಿನದು. ರೆಕ್ಕೆಗೆ ಅಂಟಿಕೊಂಡು ಬರುವ ಗಾಳಿಯ ಪುಟ್ಟ ಸುಳಿಗಳು ಅಂಚು ದಾಟುವಾಗ ಸದ್ದು ಹುಟ್ಟುತ್ತದೆ. ವೇಗ ಎರಡು ಪಟ್ಟಾದರೆ ಈ ಸದ್ದಿನ ತೀವ್ರತೆ ಸುಮಾರು 32 ಪಟ್ಟಾಗುತ್ತದೆ, ಅಂದರೆ 15 ಡೆಸಿಬೆಲ್ ಜಾಸ್ತಿ.

ಗೂಬೆ ಸದ್ದಿಲ್ಲದೆ ಹಾರಲು ಮೂರು ಕಾರಣಗಳಿವೆ ಎಂದು ಗ್ರಹಾಂ ಎಂಬವರು 1934ರಲ್ಲೇ ಬರೆದಿದ್ದರು: ರೆಕ್ಕೆಯ ಮುಂದಂಚಿನ ಬಾಚಣಿಗೆಯಂಥ ಹಲ್ಲುಗಳು, ಗರಿಗಳ ಮೇಲಿನ ಮಖಮಲ್ಲಿನಂಥ ನವಿರು, ಹಿಂದಂಚಿನ ಮೆತ್ತನೆ ಎಳೆಗಳು. ನನ್ನ ವಿಮಾನದ ರೆಕ್ಕೆಗೆ ಮಾಡಿ ನೋಡಲು ನಾನು ಮೂರನೆಯದನ್ನು ಹಿಡಿದುಕೊಂಡೆ.

ಸೋಗಾನೆ ವಿಮಾನ ನಿಲ್ದಾಣ 2023ರಲ್ಲಿ ಶುರುವಾಗಿದೆ, ಶಿವಮೊಗ್ಗದ ಹತ್ತಿರ ಹಾರಿಸುವುದು ಬೇಡ ಅಂತ ತೀರ್ಥಹಳ್ಳಿ ಕಡೆಯ ಕೊಯ್ಲಾದ ಗದ್ದೆಗೆ ಹೋದೆ. ಸಂಜೆ ಜೀರುಂಡೆ ಸದ್ದಿನಲ್ಲಿ ರೆಕಾರ್ಡಿಂಗ್ ಆಗುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ. ರೆಕ್ಕೆ ಒಂದೇ, ಅಂಚು ಮಾತ್ರ ಬೇರೆ ಬೇರೆ. ಮೊದಲು ಹಿಂದಂಚನ್ನು ಸ್ಯಾಂಡ್‌ಪೇಪರ್‌ನಿಂದ ತೆಳ್ಳಗೆ ಮಾಡಿಕೊಳ್ಳಿ. 5 ಮಿ.ಮೀ. ದಪ್ಪದ ಮೊಂಡು ಅಂಚು ಸೆಕೆಂಡಿಗೆ 12 ಮೀಟರ್ ವೇಗದಲ್ಲಿ ಸುಮಾರು 480 ಹರ್ಟ್ಸ್‌ನಲ್ಲಿ ತಾನೇ ಗುಂಯ್‌ಗುಡುತ್ತದೆ. ಅದು ಹಾಗೇ ಇದ್ದರೆ ಬೇರೆ ಯಾವ ವ್ಯತ್ಯಾಸವೂ ಕೇಳಿಸುವುದಿಲ್ಲ.

ಸೈಕಲ್ ಟ್ಯೂಬ್ ಕತ್ತರಿಸಿದ ಪಟ್ಟಿ ಬೇಡವೇ ಬೇಡ. ಮೆತ್ತಗಿದೆ ನಿಜ, ಆದರೆ ವೇಗ ಏರುತ್ತಿದ್ದ ಹಾಗೆ ಪಟಪಟ ಬಡಿದುಕೊಳ್ಳುತ್ತದೆ. ಬರೀ ಅಂಚಿಗಿಂತಲೂ ಸದ್ದು ಹೆಚ್ಚು.

ಓಎಚ್‌ಪಿ ಶೀಟಿನಲ್ಲಿ (ಪ್ರೊಜೆಕ್ಟರ್‌ಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕತ್ತರಿಸಿದ ಗರಗಸದ ಹಲ್ಲು ಪರವಾಗಿಲ್ಲ. ದೊಡ್ಡ ಗಾಳಿಯಂತ್ರಗಳ ಅಲಗಿಗೆ ಹಾಕುವುದೂ ಇಂಥದ್ದೇ. ತಗ್ಗು ಸ್ವರದ ಸದ್ದು ಚೆನ್ನಾಗಿ ಇಳಿಯಿತು. ಹಲ್ಲು ಗಾಳಿಯ ದಾರಿಗೆ ನೇರವಾಗಿರಬೇಕು, ಅಷ್ಟೇ. ಸ್ವಲ್ಪ ಮೇಲೆ ಕೆಳಗೆ ಬಾಗಿದರೂ ಏರು ಸ್ವರದ ಹಿಸ್ ಎದ್ದುಬಿಡುತ್ತದೆ.

ನನಗೆ ಮನಸ್ಸು ತುಂಬಿದ್ದು ಬ್ರಷ್. ಗಾಂಧಿ ಬಜಾರಿನಲ್ಲಿ ತಂದ ಅಗಲದ ಪೇಂಟ್ ಬ್ರಷ್‌ನ ಕೂದಲನ್ನು ಸಾಲಾಗಿ ಜೋಡಿಸಿ, ಬುಡಕ್ಕೆ ಮಾತ್ರ ಅಂಟು ಹಾಕಿದೆ. ತಲೆ ಮೇಲೆ ಹಾದಾಗ ಸುಯ್ ಅನ್ನುವುದು ಪೂರ್ತಿ ಹೋಗಲಿಲ್ಲ, ಆದರೆ ಅದರ ಮೊನಚು ಹೋಯಿತು. ಗಾಳಿ ಎಳೆಗಳ ಸಂದಿಯಲ್ಲಿ ಹಾದುಹೋಗುತ್ತದೆ, ರೆಕ್ಕೆ ಮೇಲಿನ ಮತ್ತು ಕೆಳಗಿನ ಒತ್ತಡ ನಿಧಾನಕ್ಕೆ ಸರಿಹೋಗುತ್ತದೆ. ಸುಮ್ನೆ ಮೆತ್ತಗಿದ್ದರೆ ಸಾಲದು, ಗಾಳಿ ತೂರಿಹೋಗಬೇಕು. ಅಂಟು ಮೇಲಕ್ಕೇರಿ ಎಳೆಗಳು ಕೂಡಿಕೊಂಡ ಜಾಗದಲ್ಲಿ ಅದು ಮತ್ತೆ ಒಂದು ಗಟ್ಟಿ ಪಟ್ಟಿಯೇ.

ನಮ್ಮ ಮಲೆನಾಡಿನಲ್ಲಿ ಇದಕ್ಕೊಂದು ತೊಡಕಿದೆ. ಇಬ್ಬನಿ ಬಿದ್ದ ಬೆಳಿಗ್ಗೆ ವಿಮಾನವನ್ನು ಹುಲ್ಲಿನ ಮೇಲಿಟ್ಟರೆ ಕೂದಲು ಒದ್ದೆಯಾಗಿ ಗೊಂಚಲು ಗೊಂಚಲಾಗಿ ಅಂಟಿಕೊಳ್ಳುತ್ತದೆ, ಸದ್ದು ವಾಪಸ್ ಬರುತ್ತದೆ. ಟವೆಲ್ ಹಾಸಿ ಇಡಿ, ಹಾರಿಸುವ ಮೊದಲು ಬೆರಳಲ್ಲಿ ಬಿಡಿಸಿ. ಮಳೆಗಾಲದ ಬಿಡುವಿನಲ್ಲಿ ಹಾರಿಸುವವರು ಗರಗಸವನ್ನೇ ಹಾಕಿಕೊಳ್ಳಿ, ಅದಕ್ಕೆ ನೀರಿನ ಕಾಟವಿಲ್ಲ.