ಬನಶಂಕರಿ ಗುಡಿ ಹತ್ರದ ಬುಟ್ಟಿ ಊಟ, ಜೊತೆಗೆ ಬಾದಾಮಿ ಓಣಿಗಳ ಸುತ್ತಾಟ

ಬಾದಾಮಿಗೆ ಹೋದೋರೆಲ್ಲ ನಾಲ್ಕು ಗುಹೆ ಹತ್ತಿ ಇಳಿದು, ಹದಿನೆಂಟು ಕೈ ನಟರಾಜನ ಮುಂದೆ ಸೆಲ್ಫಿ ಹೊಡ್ಕೊಂಡು, ಮಧ್ಯಾಹ್ನದೊಳಗೆ ಪಟ್ಟದಕಲ್ಲು ಕಡೆ ಗಾಡಿ ತಿರುಗಿಸಿಬಿಡ್ತಾರೆ. ಪ್ಯಾಕೇಜ್ ಟೂರ್‌ನವ್ರಂತೂ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನಕ್ಕೆ ತುರುಕಿರ್ತಾರೆ. ಹಂಗೆ ಮಾಡಿದ್ರೆ ಎರಡು ವಿಷಯ ತಪ್ಪಿಹೋಗತ್ತೆ, ಒಂದು ಗುಹೆ ಕೆಳಗಿರೋ ಊರು, ಇನ್ನೊಂದು ಬನಶಂಕರಿ ಗುಡಿ ಹತ್ರ ಬುಟ್ಟಿ ಇಟ್ಕೊಂಡು ಕೂರೋ ಹೆಂಗಸರ ಕೈ ರೊಟ್ಟಿ ಊಟ. ಈ ಊಟಕ್ಕೆ ಬೋರ್ಡಿಲ್ಲ, ಮೆನು ಇಲ್ಲ, ಟೇಬಲ್ ಕುರ್ಚಿ ಅಂತೂ ಇಲ್ಲವೇ ಇಲ್ಲ, ಅದಕ್ಕೇ ಯಾರೂ ರಿವ್ಯೂ ಬರೆಯಲ್ಲ ಅನ್ಸತ್ತೆ, ಸರಿ ನಾನೇ ಬರೀತೀನಿ.

ಬಾದಾಮಿಯಿಂದ ಬನಶಂಕರಿ ಐದು ಕಿಲೋಮೀಟರ್ ಅಷ್ಟೇ. ಬಸ್ಸಿದೆ, ಟಂಟಂ ಅನ್ನೋ ಶೇರ್ ಆಟೋ ಇದೆ. ಟಂಟಂನಲ್ಲಿ ಹತ್ತು ಜನ ತುಂಬಿದ ಮೇಲೂ "ಇನ್ನ ಜಾಗ ಐತ್ರಿ, ಬರ್ರಿ" ಅಂತಾರೆ, ಅವ್ರು ಹೇಳೋದು ನಿಜ, ಹೆಂಗೋ ಜಾಗ ಆಗತ್ತೆ. ಇಳಿದ್ರೆ ಎದುರಿಗೆ ಹರಿದ್ರಾ ತೀರ್ಥ, ಸುತ್ತ ಕಲ್ಲುಕಂಬದ ಸಾಲುಮಂಟಪ ಇರೋ ದೊಡ್ಡ ಚೌಕ ಹೊಂಡ. ದೇವಿ ಜಾಗ ಚಾಲುಕ್ಯರ ಕಾಲದಿಂದ ಇದ್ರೂ ಈಗಿರೋ ಗುಡಿ 18ನೇ ಶತಮಾನದ್ದು. ದರ್ಶನ ಮುಗಿಸಿ ಹೊರಗೆ ಬಂದ್ರೆ ಇಳಕಲ್ ಸೀರೆ ಉಟ್ಟ ಹೆಂಗಸರು ಬುಟ್ಟಿ, ಸ್ಟೀಲ್ ಡಬ್ಬಿ, ಮೊಸರಿನ ಗಡಿಗೆ ಇಟ್ಕೊಂಡು ಕರೀತಿರ್ತಾರೆ. ಎಲ್ರೂ ಒಟ್ಟಿಗೆ ಕರೀತಾರೆ, ಯಾರ ಹತ್ರ ಹೋಗೋದು ಅಂತ ಸಂಕೋಚ ಆಗತ್ತೆ, ಸುಮ್ನೆ ಒಬ್ರ ಮುಂದೆ ಕೂತುಬಿಡಿ.

ನಮಗೆ ಬಡಿಸಿದ ಅಮ್ಮ ಮೊದಲು ಕೇಳಿದ್ದು "ಖಡಕ್ ಬೇಕೋ ಬಿಸಿ ಬೇಕೋ" ಅಂತ. ಬಿಸಿ ಅಂದ್ರೆ ಆಗ ತಾನೇ ಸುಟ್ಟಿದ್ದಲ್ಲ ರೀ, ಬೆಳಗ್ಗೆ ಮನೇಲಿ ಬಡಿದು ಬಟ್ಟೇಲಿ ಸುತ್ತಿ ತಂದಿರೋ ಮೆತ್ತನೆ ಜೋಳದ ರೊಟ್ಟಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿನೂ ಇತ್ತು. ರೊಟ್ಟಿ ಮೇಲೇನೇ ಕಾಳುಪಲ್ಯ ಹಾಕಿದ್ರು, ಪಕ್ಕಕ್ಕೆ ಎಣಗಾಯಿ, ಗುರೆಳ್ಳು ಪುಡಿ, ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಚಮಚ ಕೆಂಪು ಖಾರ. ಆಮೇಲೆ ಮೊಸರು. ಗಡಿಗೆಗೆ ಚಮಚ ಇಳಿಸಿದ್ರೆ ಗಟ್ಟಿ ಹೋಳಾಗಿ ಎದ್ದು ಬರತ್ತೆ, ಮೇಲೆ ಹಳದಿ ಕೆನೆ, ಅದನ್ನ ಹಿಂಡಿ ಮಧ್ಯ ಬೆರಳಿಂದ ಸಣ್ಣ ಗುಳಿ ಮಾಡಿ ಅದ್ರೊಳಗೆ ಬಿಟ್ರು. ಆ ಹಿಂಡಿ ಮೊಸರು ಕಲಸಿಕೊಂಡು ಖಡಕ್ ರೊಟ್ಟಿ ಚೂರಲ್ಲಿ ಎತ್ತಿ ತಿಂದೆ, ಬೆಂಗಳೂರಲ್ಲಿ ಉತ್ತರ ಕರ್ನಾಟಕ ಥಾಲಿ ಅಂತ ದುಡ್ಡು ಕೊಟ್ಟು ತಿನ್ನೋದೆಲ್ಲ ಇದರ ಮುಂದೆ ಲೆಕ್ಕಕ್ಕಿಲ್ಲ. ಕೆಂಪು ಖಾರ ಮಾತ್ರ ಹುಷಾರು. "ಖಾರ ಹತ್ತಿದ್ರ ಮೊಸರು ಹಾಕ್ಕೋರಿ" ಅಂತ ಅವ್ರೇ ಹೇಳ್ತಾರೆ, ಆದ್ರೆ ಹೇಳೋದು ನಾವು ಬಾಯಿಗೆ ಇಟ್ಟ ಮೇಲೆ.

ಹೊಟ್ಟೆ ತುಂಬಾ ತಿಂದ್ರೂ ಒಬ್ರಿಗೆ ನೂರು ರೂಪಾಯಿ ದಾಟಲಿಲ್ಲ. ಚೌಕಾಸಿ ಮಾಡೋರನ್ನ ನೋಡಿದೆ, ಬೇಜಾರಾಯ್ತು, ಕಾರಲ್ಲಿ ಬಂದು ರೊಟ್ಟಿಗೆ ಐದು ರೂಪಾಯಿ ಕಮ್ಮಿ ಮಾಡಿ ಅಂತಾರೆ. ಮೈನಸ್ ಪಾಯಿಂಟೂ ಹೇಳ್ಬೇಕು. ಕೂರೋದು ಕಲ್ಲಿನ ಮೇಲೆ, ಮಂಡಿ ನೋವಿರೋ ಹಿರಿಯರಿಗೆ ಕಷ್ಟ. ನೀರು ನೀವೇ ತಗೊಂಡು ಹೋಗಿ. ಮಂಗಗಳು ಹಿಂದಿಂದ ಬಂದು ರೊಟ್ಟಿ ಎಗರಿಸ್ತವೆ. ಲೇಟಾಗಿ ಹೋದ್ರೆ ಬುಟ್ಟಿ ಖಾಲಿ ಇರತ್ತೆ. ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಆ ಅರ್ಧ ಕಟ್ ಮಾಡಿದ್ದು ಸುತ್ತ ಬಿದ್ದಿರೋ ಪ್ಲಾಸ್ಟಿಕ್‌ಗೆ, ಅದು ತಿಂದು ಎಸೆಯೋ ನಮ್ಮಂಥೋರದ್ದೇ ಕೆಲಸ. ಹಿಂದಿನ ರಾತ್ರಿ ಮೇನ್ ರೋಡಿನ ಒಂದು ಹೋಟೆಲಲ್ಲಿ, ಹೆಸರು ಬೇಡ ಬಿಡಿ, ರೊಟ್ಟಿ ಕೇಳಿದ್ರೆ ತಂದೂರಿ ತಂದಿಟ್ರು, ಜೋಳದ್ದು ಅಂದ್ರೆ "ಟೂರಿಸ್ಟ್ ಯಾರೂ ಕೇಳಲ್ಲ ಸರ್" ಅಂದ್ರು. ಬಾದಾಮಿಲಿ ಜೋಳದ ರೊಟ್ಟಿ ಯಾರೂ ಕೇಳಲ್ವಂತೆ!

ಇನ್ನು ಊರಿನ ವಿಷಯ. ಚಾಲುಕ್ಯರ ಮಂಗಳೇಶ ಕೊರೆಸಿದ, 578ರ ಶಾಸನ ಇರೋ ಮೂರನೇ ಗುಹೆ ಬಗ್ಗೆ ನಾನೇನು ಹೊಸದಾಗಿ ಹೇಳಲಿ, ಬೆಳಗ್ಗೆ ಬೇಗ ಹೋಗಿ ನೋಡಿ, ಸ್ಕೂಲ್ ಬಸ್ಸುಗಳು ಬರೋಕ್ಕೆ ಮುಂಚೆ. ಆದ್ರೆ ಅಲ್ಲಿಂದ ಇಳಿದ ಮೇಲೆ ಆಟೋ ಹತ್ತಬೇಡಿ. ಮ್ಯೂಸಿಯಂ ಕಡೆ ಹೋಗೋ ಓಣಿಗಳಲ್ಲಿ ನಡೀರಿ. ಸುಣ್ಣ ಬಳಿದ ಗೋಡೆ, ಮಾಳಿಗೆ ಮನೆಗಳು, ಬಾಗಿಲ ಪಕ್ಕ ಕಟ್ಟೆ, ಕಟ್ಟೆ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಕೂತಿರೋರು, ಕಾಲಡಿ ಚರಂಡಿ, ಅಲ್ಲೊಂದು ಹಂದಿ ಇಲ್ಲೊಂದು ಆಡು, ವಾಸನೆ ಇಲ್ಲ ಅಂತ ಸುಳ್ಳು ಹೇಳಲ್ಲ. ಓಣಿ ಮುಗಿಯೋದೇ ತಡ ಅಗಸ್ತ್ಯ ತೀರ್ಥ ಅನ್ನೋ ಕೆರೆ, ಎರಡೂ ಕಡೆ ಕೆಂಪು ಬಂಡೆ, ಆ ದಂಡೇಲಿ ಭೂತನಾಥ ಗುಡಿ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೀತಿರ್ತಾರೆ, ಆ ಸದ್ದು ಬಂಡೆಗೆ ಬಡಿದು ವಾಪಸ್ ಬರತ್ತೆ, ಒಂದೇ ಏಟು ಎರಡು ಸಲ ಕೇಳತ್ತೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಗೆದ್ದುಕೊಂಡ ಚಾಲುಕ್ಯರ ರಾಜಧಾನಿ ವಾತಾಪಿ ಇದೇ ಊರು, ಅದೇ ಊರಿನ ಕೆರೇಲಿ ಈಗ ಚಾದರ ಹಿಂಡ್ತಿದ್ದಾರೆ, ನಂಗಂತೂ ಇದು ಗುಹೆಗಿಂತ ಜಾಸ್ತಿ ಇಷ್ಟ ಆಯ್ತು.

ಮ್ಯೂಸಿಯಂ ಚಿಕ್ಕದು, ಲಜ್ಜಾಗೌರಿ ವಿಗ್ರಹ ಮಿಸ್ ಮಾಡ್ಬೇಡಿ. ಅದರ ಪಕ್ಕದಿಂದಲೇ ಉತ್ತರ ಕೋಟೆಗೆ ದಾರಿ, ಎರಡು ಬಂಡೆ ನಡುವಿನ ಸೀಳಲ್ಲಿ ಹತ್ತಬೇಕು, ಮೇಲಿಂದ ಇಡೀ ಊರಿನ ಮಾಳಿಗೆ ಕಾಣತ್ತೆ. ಕನ್ನಡ ಓದೋರು ತಟ್ಟುಕೋಟೆ ಕಡೆ ಹೋಗಿ ಕಪ್ಪೆ ಅರಭಟ್ಟನ ಶಾಸನ ನೋಡ್ಲೇಬೇಕು, "ಸಾಧುಗೆ ಸಾಧು" ಅಂತ ಸ್ಕೂಲಲ್ಲಿ ಓದಿದ ತ್ರಿಪದಿ ಅಲ್ಲೇ ಬಂಡೆ ಮೇಲಿದೆ, ದಾರೀಲಿ ಮಕ್ಕಳನ್ನ ಕೇಳಿದ್ರೆ ತೋರಿಸ್ತಾರೆ.

ಹೋಗೋರಿಗೆ ಒಂದೆರಡು ಮಾತು. ಶುಕ್ರವಾರ ಮ್ಯೂಸಿಯಂ ರಜೆ. ಮೈಸೂರು, ಬೆಂಗಳೂರು ಕಡೆಯಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿಲೇ ನಿಲ್ಲತ್ತೆ, ಸ್ಟೇಷನ್ ಮಾತ್ರ ಊರಿಂದ ಸುಮಾರು ಐದು ಕಿಲೋಮೀಟರ್ ದೂರ, ಆಟೋ ರೇಟ್ ಮೊದಲೇ ಮಾತಾಡಿಕೊಳ್ಳಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಆಗೋ ಬನಶಂಕರಿ ಜಾತ್ರೆಗೆ ಹೋಗೋ ಪ್ಲಾನ್ ಇದ್ರೆ ರೂಮು ಈಗ್ಲೇ ಬುಕ್ ಮಾಡಿ, ಹಿಂದಿನ ದಿನದ ಪಲ್ಲೇದ ಹಬ್ಬಕ್ಕೆ ದೇವಿಗೆ 108 ಥರ ಪಲ್ಯ ನೈವೇದ್ಯ ಮಾಡ್ತಾರೆ, ಜಾತ್ರೇಲಿ ನಾಟಕ ಕಂಪನಿಗಳು ವಾರಗಟ್ಟಲೆ ಠಿಕಾಣಿ ಹೂಡಿರ್ತವೆ. ನಾವು ಹೋದಾಗ ಜಾತ್ರೆ ಇರ್ಲಿಲ್ಲ, ಮುಂದಿನ ಸಲ ಅದಕ್ಕೇ ಹೋಗೋದು.