ಅಲಾಸ್ಕಾದ ಸೀಲ್‌ಗಳಿಂದ ರಾಷ್ಟ್ರೀಯ ಉದ್ಯಾನದವರೆಗೆ: ಒಂದು ಆಡಿಯೊ ಉಪನ್ಯಾಸಮಾಲೆಯ ವಿಮರ್ಶೆ

ಅಲಾಸ್ಕಾದಲ್ಲಿ ವನ್ಯಜೀವಿ ಸಂರಕ್ಷಣೆ ಬೇರೂರಿದ ಬಗೆಯನ್ನು ವಿವರಿಸುವ ಎಂಟು ಕಂತುಗಳ ಈ ಉಪನ್ಯಾಸಮಾಲೆಯನ್ನು ಹಣ ತೆತ್ತು ಪಡೆದು, ಪೂರ್ತಿಯಾಗಿ ಕೇಳಿದ್ದೇನೆ. ಕೊಟ್ಟ ಹಣ ಎರಡನೆಯ ಕಂತಿಗೇ ಸಂದಾಯವಾಯಿತು ಎನ್ನಬಹುದು.

ಆ ಕಂತಿನ ವಸ್ತು ಅಲಾಸ್ಕಾದ ಪಶ್ಚಿಮಕ್ಕೆ ಬೇರಿಂಗ್ ಸಮುದ್ರದಲ್ಲಿರುವ ಪ್ರಿಬಿಲೋಫ್ ದ್ವೀಪಗಳ ತುಪ್ಪಳದ ಸೀಲ್‌ಗಳು. 1867ರಲ್ಲಿ ಅಮೆರಿಕ 72 ಲಕ್ಷ ಡಾಲರ್ ಕೊಟ್ಟು ಅಲಾಸ್ಕಾವನ್ನು ರಷ್ಯಾದಿಂದ ಕೊಂಡ ಬೆನ್ನಿಗೇ ಈ ದ್ವೀಪಗಳನ್ನು ಮೀಸಲು ಪ್ರದೇಶವೆಂದು ಸಾರಿತಾದರೂ, 1870ರಲ್ಲಿ ಅಲ್ಲಿ ಸೀಲ್‌ಗಳನ್ನು ಕೊಲ್ಲುವ ಹಕ್ಕನ್ನು ಒಂದೇ ಕಂಪನಿಗೆ 20 ವರ್ಷ ಗುತ್ತಿಗೆ ಕೊಟ್ಟಿತು. ದಡದಲ್ಲಿ ಗಂಡುಗಳನ್ನಷ್ಟೇ ಆರಿಸಿ ಕೊಲ್ಲಬಹುದಿತ್ತು. ನಡುಗಡಲಿನ ಹಡಗುಗಳಿಗೆ ಅಂಥ ವಿವೇಚನೆ ಸಾಧ್ಯವಿರಲಿಲ್ಲ, ಮೇಯಲು ಹೋದ ತಾಯಿ ಸತ್ತರೆ ದಡದ ಮರಿಯೂ ಹಸಿವಿನಿಂದ ಸಾಯುತ್ತಿತ್ತು. 1911ರಲ್ಲಿ ಅಮೆರಿಕ, ಕೆನಡಾದ ಪರವಾಗಿ ಬ್ರಿಟನ್, ರಷ್ಯಾ ಮತ್ತು ಜಪಾನ್ ಸಹಿ ಹಾಕಿದ ಒಪ್ಪಂದ ಈ ಕಡಲಬೇಟೆಯನ್ನು ನಿಲ್ಲಿಸಿತು. ಬೇಟೆ ಬಿಟ್ಟ ಜಪಾನ್ ಮತ್ತು ಕೆನಡಾಗಳಿಗೆ ಪ್ರಿಬಿಲೋಫ್‌ನ ಚರ್ಮಗಳಲ್ಲಿ ತಲಾ ಶೇ. 15 ಪಾಲು ಸಿಕ್ಕಿದ್ದರಿಂದಲೇ ಒಪ್ಪಂದ ಉಳಿಯಿತೆಂಬುದನ್ನು ಉಪನ್ಯಾಸಕರು ಲೆಕ್ಕ ಬಿಡಿಸಿದಂತೆ ತಿಳಿಸುತ್ತಾರೆ. ಆದರೆ ಆ ಚರ್ಮ ಸುಲಿದವರು, ಸರ್ಕಾರಿ ಅಧಿಕಾರಿಗಳ ಬಿಗಿಮುಷ್ಟಿಯಲ್ಲಿ ಬದುಕಿದ ಅಲಿಯೂಟ್ ಎಂಬ ಮೂಲನಿವಾಸಿ ಜನ; ಅವರಿಗೆ ಇಲ್ಲಿ ಸಿಕ್ಕಿರುವುದು ಎರಡೇ ವಾಕ್ಯ.

1902ರ ಬೇಟೆ ಕಾನೂನಿನ ಮೂರನೆಯ ಕಂತೂ ಗಟ್ಟಿಯಾಗಿದೆ. ಊಟಕ್ಕಾಗಿ ಬೇಟೆಯಾಡುವ ಮೂಲನಿವಾಸಿಗಳಿಗೂ ಗಣಿಗಾರರಿಗೂ ವಿನಾಯಿತಿ ಕೊಟ್ಟ ಆ ಕಾನೂನನ್ನು ಜಾರಿಗೊಳಿಸಲು ಪ್ರತ್ಯೇಕ ಸಿಬ್ಬಂದಿಯೇ ಇರಲಿಲ್ಲ. ವಾರ್ಡನ್‌ಗಳನ್ನು ನೇಮಿಸುವ ಅಧಿಕಾರ ಗವರ್ನರಿಗೆ ಸಿಕ್ಕಿದ್ದು 1908ರ ತಿದ್ದುಪಡಿಯಿಂದ.

ಅನಂತರದ ಕಂತುಗಳಲ್ಲಿ ಧಾಟಿ ಬದಲಾಗುತ್ತದೆ. ಡಾಲ್ ಕುರಿಗಳೆಂಬ ಬಿಳಿಯ ಕಾಡುಕುರಿಗಳ ಬೆನ್ನುಹತ್ತಿ 1907–08ರ ಚಳಿಗಾಲವನ್ನು ಟೋಕ್ಲಾಟ್ ನದಿಯ ಬಳಿ ಕಳೆದ ಬೇಟೆಗಾರ, ನಿಸರ್ಗವಾದಿ ಚಾರ್ಲ್ಸ್ ಶೆಲ್ಡನ್, 1917ರಲ್ಲಿ ಮೌಂಟ್ ಮೆಕಿನ್ಲಿ ರಾಷ್ಟ್ರೀಯ ಉದ್ಯಾನ (ಈಗಿನ ಡೆನಾಲಿ) ಸ್ಥಾಪನೆಯಾಗಲು ಕಾರಣರಾದವರಲ್ಲಿ ಪ್ರಮುಖರು ಎಂಬುದು ನಿಜ. ಆದರೆ ಎರಡು ಕಂತುಗಳುದ್ದಕ್ಕೂ ಅವರ ಪರಾಕ್ರಮವನ್ನೇ ಕೇಳಬೇಕಾಗಿ ಬಂದಾಗ, ಇದು ಚರಿತ್ರೆಯೋ ಚರಿತಾಮೃತವೋ ಎಂಬ ಅನುಮಾನ ಮೂಡಿತು. ಉದ್ಯಾನದ ಮೊದಲ ಮೇಲ್ವಿಚಾರಕ ಹ್ಯಾರಿ ಕಾರ್ಸ್ಟೆನ್ಸ್ ಕೆಲಸಕ್ಕೆ ಬಂದದ್ದು 1921ರಲ್ಲಿ. ಗಣಿಗಾರರು ಊಟದ ನೆಪದಲ್ಲಿ ಉದ್ಯಾನದೊಳಗೇ ಬೇಟೆಯಾಡುವುದು 1928ರವರೆಗೂ ಕಾನೂನುಬದ್ಧವಾಗಿತ್ತು. ಇವೆರಡೂ ಓಡುವ ಮಾತಿನಲ್ಲಿ ಮುಗಿದುಹೋಗುತ್ತವೆ. ಉದ್ಯಾನ ಹುಟ್ಟಿದ 1917ರಲ್ಲೇ ಅಲಾಸ್ಕಾದ ಶಾಸನಸಭೆ ಬಾಲ್ಡ್ ಈಗಲ್ ಹದ್ದುಗಳನ್ನು ಕೊಂದವರಿಗೆ ಇನಾಮು ಗೊತ್ತುಮಾಡಿತ್ತು, ಮುಂದಿನ ದಶಕಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹದ್ದುಗಳು ಅದಕ್ಕೆ ಬಲಿಯಾದವು; ಈ ವಿಷಯದ ಸುಳಿವೇ ಇಲ್ಲ.

ಧ್ವನಿಮುದ್ರಣ ಸ್ವಚ್ಛವಾಗಿದೆ. ಜೊತೆಗೆ ನಕ್ಷೆ ಕೊಟ್ಟಿಲ್ಲವಾದ್ದರಿಂದ ದ್ವೀಪಗಳ ಹೆಸರು ಬಂದಾಗಲೆಲ್ಲ ಅಟ್ಲಾಸ್ ತೆರೆಯಬೇಕು. ಕಂತುಗಳು ಬಿಡಿಯಾಗಿಯೂ ಸಿಗುತ್ತವೆ. ಎರಡನೆಯದನ್ನೂ ಮೂರನೆಯದನ್ನೂ ಕೊಂಡರೆ ಸಾಕು.