ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡದ ಕಾರಿಗೆ ಟೈರ್: ಯಾವುದು, ಎಲ್ಲಿ, ಹೇಗೆ

ತೀರ್ಪು ಮೊದಲೇ ಹೇಳಿಬಿಡೋಣ. ನಮ್ಮ ಉತ್ತರ ಕನ್ನಡದಲ್ಲಿ ಅಡಿಕೆ ಅಟ್ಟದ ಕೆಳಗೋ ಮನೆ ಪಕ್ಕದ ತಗಡಿನ ಶೆಡ್ಡಿನಲ್ಲೋ ತಿಂಗಳುಗಟ್ಟಲೆ ನಿಂತು, ಮದುವೆ-ಮುಂಜಿಗೆ, ಆಸ್ಪತ್ರೆಗೆ, ಸೊಸೈಟಿಗೆ ಮಾತ್ರ ಹೊರಡುವ ಮಾರುತಿ 800, ಹಳೇ ಆಲ್ಟೊ, ಜೆನ್, ಸ್ಯಾಂಟ್ರೊಗಳಿಗೆ ಹೆಸರಿರುವ ಯಾವುದೇ ಕಂಪನಿಯ ಸಾದಾ ಟೈರ್ ಸಾಕು. ಆದರೆ ಅದು ತಯಾರಾಗಿ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ದಾಟಿರಬಾರದು. ಕೇಳಿದ ತಕ್ಷಣ ದಿನಾಂಕ ತೋರಿಸುವ ಅಂಗಡಿ ಒಳ್ಳೆಯ ಅಂಗಡಿ. ಅದು ಶಿರಸಿ ಪೇಟೆಯಲ್ಲಿರಲಿ, ಕಾರವಾರದಲ್ಲಿ ಹೆದ್ದಾರಿ ಬದಿಗಿರಲಿ. ಬ್ರ್ಯಾಂಡಿನ ಜಗಳ ಆಮೇಲಿನದು.

ಇಂಥ ಕಾರಿನ ಟೈರು ಸವೆದು ಹಾಳಾಗುವುದು ಅಪರೂಪ, ವಯಸ್ಸಾಗಿ ಹಾಳಾಗುತ್ತದೆ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಸೀಳದಂತೆ ತಡೆಯಲು ತಯಾರಿಸುವಾಗಲೇ ಮೇಣ ಮತ್ತು ರಾಸಾಯನಿಕ ಬೆರೆಸಿರುತ್ತಾರೆ. ಟೈರು ಉರುಳುತ್ತ, ಬಾಗುತ್ತ ಇದ್ದರೆ ಅವು ಒಳಗಿನಿಂದ ಮೇಲ್ಮೈಗೆ ಬರುತ್ತಿರುತ್ತವೆ. ನಿಂತ ಕಾರಿನಲ್ಲಿ ಆ ಕೆಲಸ ನಿಧಾನವಾಗಿ, ಸೈಡ್‌ವಾಲ್‌ನಲ್ಲಿ, ಅಂದರೆ ಟೈರಿನ ಪಕ್ಕದ ಗೋಡೆಯಲ್ಲಿ, ಕೂದಲೆಳೆಯಂಥ ಬಿರುಕು ಕಾಣಿಸಿಕೊಳ್ಳುತ್ತದೆ. ಕರಾವಳಿಯಲ್ಲಿ ಇದರ ಜೊತೆ ಉಪ್ಪಿನ ಗಾಳಿ ರಿಮ್ಮಿನ ಅಂಚನ್ನು ತಿನ್ನುತ್ತದೆ. ಘಟ್ಟದ ಮೇಲೆ ಇನ್ನೊಂದು ಶತ್ರು ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ತಾಮ್ರದ ಅಂಶ ರಬ್ಬರನ್ನು ಬೇಗ ಕೆಡಿಸುತ್ತದೆ ಎಂಬುದು ರಬ್ಬರ್ ಉದ್ಯಮಕ್ಕೆ ಹಳೆಯ ವಿಷಯ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ಮು, ಪೈಪು, ಪಂಪುಗಳನ್ನು ಕಾರಿನ ಚಕ್ರಕ್ಕೆ ಒರಗಿಸಿ ಇಡುವ ಅಭ್ಯಾಸ ಇದ್ದರೆ ಬಿಡಿ. ಡೀಸೆಲ್, ಎಂಜಿನ್ ಆಯಿಲ್ ಚೆಲ್ಲಿದ ನೆಲವೂ ಟೈರಿಗೆ ಆಗಿಬರುವುದಿಲ್ಲ.

ಬದಲಿಸಲೇಬೇಕೇ ಎಂದು ತಿಳಿಯಲು ನೆಲಕ್ಕೆ ತಾಗುವ ಬಟನ್ನುಗಳ ಆಳ ಒಂದನ್ನೇ ನೋಡಬೇಡಿ. ಕಾನೂನಿನ ಮಿತಿ 1.6 ಮಿಲಿಮೀಟರ್, ನಿಮ್ಮ ಟೈರಿನಲ್ಲಿ 5 ಮಿಲಿಮೀಟರ್ ಉಳಿದಿದ್ದೂ ಅದು ಕೆಲಸಕ್ಕೆ ಬಾರದ್ದಾಗಿರಬಹುದು. ಗಾಳಿ ತುಂಬಿದ ಟೈರಿನ ಸೈಡ್‌ವಾಲ್ ಮೇಲೆ, ಬಟನ್ನುಗಳ ನಡುವಿನ ಕಾಲುವೆಯ ತಳದಲ್ಲಿ, ರಿಮ್ಮಿಗೆ ತಾಗುವ ಕಡೆ ಟಾರ್ಚ್ ಹಾಕಿ ನೋಡಿ. ಮೇಲ್ಮೈಯ ಸಣ್ಣ ಗೀರು ಪರವಾಗಿಲ್ಲ. ಉಗುರು ಸಿಕ್ಕುವಷ್ಟು ಬಿರುಕಿದ್ದರೆ, ಒಳಗಿನ ನೂಲು ಕಂಡರೆ, ಎಲ್ಲಾದರೂ ಉಬ್ಬಿದ್ದರೆ ಆ ಟೈರಿನ ಕಥೆ ಮುಗಿಯಿತು. ಬಹಳ ದಿನ ನಿಂತ ಕಾರು ಹೊರಟಾಗ ದಡ್ ದಡ್ ಎನ್ನುವುದು ಸಹಜ. ಹತ್ತು-ಹದಿನೈದು ಕಿಲೋಮೀಟರ್ ಓಡಿ ಟೈರು ಬಿಸಿಯಾದ ಮೇಲೂ ಆ ಸದ್ದು ನಿಲ್ಲದಿದ್ದರೆ ಚಪ್ಪಟೆಯಾದ ಜಾಗ ಹಾಗೇ ಕೂತುಬಿಟ್ಟಿದೆ ಎಂದರ್ಥ. ಬ್ಯಾಲೆನ್ಸಿಂಗ್ ಮಾಡಿಸಿ ಹಣ ಕಳೆಯಬೇಡಿ.

ಇನ್ನು ದಿನಾಂಕ. ಸೈಡ್‌ವಾಲ್ ಮೇಲೆ ಉದ್ದದ ಸಂಕೇತದ ಕೊನೆಯಲ್ಲಿ, ಸಾಮಾನ್ಯವಾಗಿ ಅಂಡಾಕಾರದ ಗೆರೆಯೊಳಗೆ, ನಾಲ್ಕು ಅಂಕೆ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ, ಅಂದರೆ ಜೂನ್. ಮೂರೇ ಅಂಕೆ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಹಳೇ ಕಾರುಗಳ ಸ್ಟೆಪ್ನಿಯಲ್ಲಿ ಇಂಥದ್ದು ಈಗಲೂ ಸಿಕ್ಕೀತು, ಡಿಕ್ಕಿ ತೆಗೆದು ನೋಡಿ. ಈ ಅಂಕೆಗಳು ಬಹಳಷ್ಟು ಸಲ ಒಂದೇ ಬದಿಗೆ ಇರುತ್ತವೆ, ಕೂರಿಸುವಾಗ ಆ ಬದಿ ಒಳಗೆ ಹೋದರೆ ಆಮೇಲೆ ಕಾರಿನಡಿ ಮಲಗಿ ನೋಡಬೇಕು. ಆದ್ದರಿಂದ ರಿಮ್ಮಿಗೆ ಏರಿಸುವ ಮೊದಲೇ ನೀವು ತೆಗೆದುಕೊಳ್ಳುವ ಪ್ರತಿಯೊಂದು ಟೈರಿನ ದಿನಾಂಕ ಓದಿ. ಎರಡು ಹೊಸದು, ಉಳಿದೆರಡು ಮೂರು ವರ್ಷ ಹಳೆಯದು ಸೇರಿಸಿ ಕೊಡುವುದು ಅಂಗಡಿಯವರ ಕೈಚಳಕಗಳಲ್ಲೊಂದು, ಯಾವಾಗಲೂ ಉದ್ದೇಶಪೂರ್ವಕ ಅಂತಲ್ಲ. 12 ಇಂಚಿನ ಟೈರು ಈಗ ಬೇಗ ಖರ್ಚಾಗುವ ಮಾಲಲ್ಲ. ಅಟ್ಟದ ಮೇಲಿನ ಹಳೇ ದಾಸ್ತಾನು ಮೊದಲು ಕೈಗೆ ಬರುತ್ತದೆ.

ಆರು ವರ್ಷ ದಾಟಿದ ಟೈರನ್ನು ಬದಲಿಸಿ ಎನ್ನುವ ಕಾರು ಕಂಪನಿಗಳಿವೆ. ಟೈರು ತಯಾರಕರಲ್ಲಿ ಮಿಶೆಲಿನ್ ಮೊದಲಾದವರು ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿ, ಹತ್ತು ವರ್ಷಕ್ಕೆ ಚೆನ್ನಾಗಿ ಕಂಡರೂ ತೆಗೆದುಬಿಡಿ, ಸ್ಟೆಪ್ನಿಯನ್ನೂ ಸೇರಿಸಿ, ಎನ್ನುತ್ತಾರೆ. ನಮ್ಮ ಜಿಲ್ಲೆಯ ಸೆಖೆ, ತೇವ ಎರಡನ್ನೂ ನೋಡಿದರೆ ಏಳು-ಎಂಟು ವರ್ಷಕ್ಕಿಂತ ಮುಂದಕ್ಕೆ ಎಳೆಯದಿರುವುದು ವಾಸಿ. ಹೀಗೆ ಲೆಕ್ಕ ಹಾಕಿದರೆ ಅಂಗಡಿಯಲ್ಲೇ ಎರಡು ವರ್ಷ ಕೂತ ಟೈರು ಕೊಂಡವರು ನಾಲ್ಕನೇ ಒಂದು ಪಾಲು ಆಯುಷ್ಯವನ್ನು ಹಣ ಕೊಟ್ಟು ಬಿಟ್ಟುಬಂದ ಹಾಗೆ. ದಿನಾ ಓಡುವ ಟ್ಯಾಕ್ಸಿಗೆ ಇದು ತಾಗುವುದಿಲ್ಲ, ಅದು ಮೂರು ವರ್ಷದೊಳಗೆ ಸವೆಸಿಬಿಡುತ್ತದೆ.

ಅಳತೆಯ ವಿಷಯದಲ್ಲಿ ಗೊಂದಲ ಹೆಚ್ಚು. ಮಾರುತಿ 800ಕ್ಕೆ 145/70 ಆರ್ 12 (ಅಗಲ 145 ಮಿಲಿಮೀಟರ್, ಪಕ್ಕದ ಎತ್ತರ ಅದರ 70 ಶೇಕಡ, ರಿಮ್ಮು 12 ಇಂಚು), ಆಲ್ಟೊ 800ಕ್ಕೆ 145/80 ಆರ್ 12. ಎರಡೂ ಒಂದೇ ರಿಮ್ಮಿಗೆ ಕೂರುತ್ತವೆ. ‘ಸೆವೆಂಟಿ ಇಲ್ಲ, ಏಯ್ಟಿ ಹಾಕ್ತೆ, ಎಂತ ಆಗ್ತಿಲ್ಲೆ’ ಎಂದು ಹೇಳಿ ದೊಡ್ಡದನ್ನು ಏರಿಸಿ ಕಳಿಸುವುದು ನಡೆದೇ ಇದೆ. ಆಗುವುದೇನೆಂದರೆ, ಚಕ್ರದ ವ್ಯಾಸ ಸುಮಾರು 508 ಮಿಲಿಮೀಟರಿನಿಂದ 537ಕ್ಕೆ ಏರುತ್ತದೆ. ಮೀಟರು 60 ತೋರಿಸುವಾಗ ಕಾರು 63ರ ಮೇಲೆ ಓಡುತ್ತಿರುತ್ತದೆ, ಏರಿನಲ್ಲಿ ಎಳೆತ ತುಸು ಕಡಿಮೆ. ಹಿಂದೆ ಜನ ಕೂತು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗಿನ ಮಡ್‌ಗಾರ್ಡಿಗೆ ತಾಗುತ್ತದೋ ನೋಡಬೇಕು. ತಾಗದಿದ್ದರೆ ನಾಲ್ಕಕ್ಕೂ ಅದೇ ಹಾಕಿಸಿ ಓಡಿಸಬಹುದು, ಒಂದು ಆ್ಯಕ್ಸಲ್ಲಿಗೆ ಒಂದೊಂದು ಬೇಡವೇ ಬೇಡ. ಹಳೇ ಜೆನ್‌ನ 145/70 ಆರ್ 13 ಸಿಗದಿದ್ದರೆ 155/65 ಆರ್ 13 ಒಳ್ಳೆಯ ಬದಲಿ: ವ್ಯಾಸ 533ರ ಬದಲು 532, ವ್ಯತ್ಯಾಸವೇ ಇಲ್ಲ, ಹಳೇ ಆಲ್ಟೊ ಕೆ10ರಿಂದಾಗಿ ಇದು ಸುಲಭವಾಗಿ ಸಿಗುತ್ತದೆ. ಅಳತೆಯ ಪಕ್ಕದ ಭಾರದ ಅಂಕೆಯನ್ನೂ ಓದಿ. 69 ಎಂದರೆ ಒಂದು ಟೈರಿಗೆ 325 ಕಿಲೋ, 74 ಎಂದರೆ 375. ಹಳೆಯದಕ್ಕಿಂತ ಕಡಿಮೆ ಅಂಕೆಯದನ್ನು ಒಪ್ಪಬೇಡಿ. ಓಮ್ನಿಗೆ ಎಲ್‌ಟಿ (ಲೈಟ್ ಟ್ರಕ್, ಹೆಚ್ಚು ಭಾರ ಹೊರುವಂಥದ್ದು) ಎಂದು ಬರೆದ ಟೈರು ಇದ್ದಲ್ಲಿ ಅದನ್ನೇ ಹಾಕಿಸಿ. ಅಡಿಕೆ ಮೂಟೆ ಹೇರುವ ವ್ಯಾನಿಗೆ ಕಾರಿನ ಟೈರು ಸಾಲದು.

ಅಂಬಾಸಿಡರಿನ 5.90-15, ಪದ್ಮಿನಿಯ 5.20-14 ಇಟ್ಟುಕೊಂಡವರ ಕಷ್ಟ ಬೇರೆಯೇ. ಅವರು ಮೊದಲು ಫೋನ್ ಮಾಡಿ ವಿಚಾರಿಸಿ, ಸಿಕ್ಕಿದಾಗ ಐದನ್ನೂ ಒಟ್ಟಿಗೆ ಕೊಳ್ಳುವುದು ಒಳ್ಳೆಯದು. ಹಳೇ ಬಗೆಯ ನೈಲಾನ್ ಟೈರನ್ನೂ ಈಗಿನ ರೇಡಿಯಲ್ಲನ್ನೂ ಒಂದೇ ಆ್ಯಕ್ಸಲ್ಲಿಗೆ ಬೆರೆಸಕೂಡದು.

ಬ್ರ್ಯಾಂಡು: ಸಣ್ಣ ಕಾರಿನ ಅಳತೆಗಳಲ್ಲಿ ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್ ಹೆಸರು ಕೇಳಿಬರುತ್ತವೆ. 145/80 ಆರ್ 12 ಒಂದಕ್ಕೆ ಮೂರು ಸಾವಿರದ ಆಸುಪಾಸು. ಕಂಪನಿಯಿಂದ ಕಂಪನಿಗೆ ಕೆಲವು ನೂರು ರೂಪಾಯಿ ಹೆಚ್ಚುಕಮ್ಮಿ. 2025ರ ಸೆಪ್ಟೆಂಬರ್ 22ರಿಂದ ಕಾರು ಟೈರಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ, ಹಾಗಾಗಿ ಹಳೇ ದರಪಟ್ಟಿ ಹಿಡಿದು ಬೆಲೆ ಹೇಳಿದರೆ ಬಿಲ್ಲಿನಲ್ಲಿ ತೆರಿಗೆ ಎಷ್ಟು ಹಾಕಿದ್ದಾರೆ ನೋಡಿ. ಸಿಯೆಟ್‌ನ ಮೈಲೇಜ್, ಅಪೊಲೊದ ಅಮೇಜರ್ 4ಜಿ ಲೈಫ್ ಬಹಳ ಕಿಲೋಮೀಟರ್ ಬಾಳುತ್ತವೆ ಎಂಬ ಮಾತಿನ ಮೇಲೆ ಮಾರಾಟವಾಗುವಂಥವು. ಟೈರುಗಳು ಕೆಟ್ಟವೇನಲ್ಲ, ನಿಂತ ಕಾರಿಗೆ ಆ ಗುಣ ದಂಡ, ಅಷ್ಟೆ. ಬಾಳಿಕೆಗೆಂದು ಗಟ್ಟಿ ಮಾಡಿದ ರಬ್ಬರು ಒದ್ದೆ ರಸ್ತೆಯಲ್ಲಿ ಸಾಮಾನ್ಯವಾಗಿ ಹಿಡಿತ ತುಸು ಬಿಟ್ಟುಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಇಳಿಯಬೇಕಾದವರಿಗೆ ಬೇಕಾದ್ದು ಹಿಡಿತ. ಆದ್ದರಿಂದ ಎರಡು ಟೈರು ಮುಂದಿದ್ದು, ಒಂದು ಬಾಳಿಕೆಯ ಹೆಸರಿನದು, ಇನ್ನೊಂದು ಸಾದಾ ಮಾದರಿ ಆದರೆ ನಾಲ್ಕು ತಿಂಗಳು ಹೊಸದು ಎಂದಾದರೆ ಎರಡನೆಯದೇ ಸರಿ. ಎಂಆರ್‌ಎಫ್ ಕಾರ್ಖಾನೆ ಗೋವಾದಲ್ಲಿದೆ, ಜೆಕೆಯದು ಮೈಸೂರಿನಲ್ಲಿದೆ, ಹಾಗಾಗಿ ಇಲ್ಲಿಗೆ ತಾಜಾ ಮಾಲು ಬರುತ್ತದೆ ಎನ್ನುವ ವಾದವೂ ಕಿವಿಗೆ ಬಿದ್ದೀತು. ಎಲ್ಲ ಅಳತೆಯನ್ನೂ ಎಲ್ಲ ಕಾರ್ಖಾನೆಯಲ್ಲಿ ಮಾಡುವುದಿಲ್ಲ. ಸೈಡ್‌ವಾಲಿನ ಅಂಕೆಯನ್ನಷ್ಟೇ ನಂಬಿ.

ಎಲ್ಲಿ ಕೊಳ್ಳಬೇಕು? ಊರಿನ ಅಂಗಡಿಗೆ ನಮ್ಮ ಮೊದಲ ಮತ. ದಾಸ್ತಾನು ಕಡಿಮೆ ಎನ್ನುವುದು ನಿಜ, ಆದರೆ ಅಳತೆ ಬರೆದುಕೊಟ್ಟು ‘ಈ ವರ್ಷದ್ದೇ ಆಯಕ್ಕು, ಬಂದ ಮೇಲೆ ನೋಡಿ ದುಡ್ಡು ಕೊಡ್ತೆ’ ಎಂದರೆ ಡೀಲರ್ ಗೋದಾಮಿನಿಂದ ಒಂದೆರಡು ದಿನದಲ್ಲಿ ತರಿಸಿಕೊಡುವವರಿದ್ದಾರೆ. ಮುಂಗಡ ಪೂರ್ತಿ ಕೊಡಬೇಡಿ. ಶಿರಸಿಯಿಂದ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋದರೆ ಆಯ್ಕೆ ಹೆಚ್ಚು, ಬ್ಯಾಲೆನ್ಸಿಂಗ್ ಯಂತ್ರವೂ ಚೆನ್ನಾಗಿರುತ್ತದೆ. ಆದರೆ ಬಿರುಕು ಬಿಟ್ಟ ಟೈರಿನಲ್ಲೇ ಅಷ್ಟು ದೂರ ಹೋಗುವುದು ಹೇಗೆ ಎನ್ನುವುದನ್ನೂ ಯೋಚಿಸಿ. ಉಳಿತಾಯ ಪೆಟ್ರೋಲಿಗೆ ಸರಿಹೋಗುತ್ತದೆ. ಕಾರವಾರದವರಿಗೆ ಮಡಗಾಂವ್ ಹತ್ತಿರ, ಬಿಲ್ಲು ಗೋವಾದ್ದಾದರೂ ವಾರಂಟಿಗೆ ತೊಂದರೆಯಿಲ್ಲ, ಕ್ಲೇಮು ಕಂಪನಿಯ ಮೂಲಕ ಹೋಗುತ್ತದೆ. ಆ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಗುಂಡಿಗೆ ಬಿದ್ದು ಹರಿದದ್ದಕ್ಕಲ್ಲ.

ಆನ್‌ಲೈನಿನಲ್ಲಿ ಬೆಲೆ ಕೆಲವೊಮ್ಮೆ ಕಡಿಮೆ. ತೊಂದರೆ ಏನೆಂದರೆ ದಿನಾಂಕ ಆರಿಸುವ ಅವಕಾಶ ಬಹುತೇಕ ಇಲ್ಲ, ಹೊರಗಿನಿಂದ ತಂದ ಟೈರು ಕೂರಿಸಲು ಅಂಗಡಿಯವರು ಬೇರೆ ಕೂಲಿ ಕೇಳುತ್ತಾರೆ, ಬೀಡು (ರಿಮ್ಮಿಗೆ ಕೂರುವ ಟೈರಿನ ಅಂಚು) ಹರಿದರೆ ಯಾರೂ ಹೊಣೆಯಲ್ಲ. ಫಿಟ್ಟಿಂಗ್ ಸಹಿತ ಕೊಡುವ ಸೇವೆ ನಿಮ್ಮ ಪಿನ್‌ಕೋಡಿಗೆ ಇದ್ದರೆ, ವಾಪಸ್ ಪಡೆಯುವ ಷರತ್ತು ಓದಿಕೊಂಡು ತರಿಸಬಹುದು. ಸೆಕೆಂಡ್ ಹ್ಯಾಂಡ್ ಟೈರು ಮಾತ್ರ ಈ ಕಾರುಗಳಿಗೆ ಯಾವ ಬೆಲೆಗೂ ಬೇಡ. ಬಟನ್ನು ಆಳವಾಗಿ, ಪಾಲಿಶ್ ಹಚ್ಚಿ ಕರ್ರಗೆ ಹೊಳೆಯುವ ಹಳೇ ರಬ್ಬರು ಎಂದರೆ ನೀವು ಬಿಚ್ಚಿಸಿ ಬಿಸಾಡಲು ಬಂದದ್ದೇ ತಾನೆ?

ಟೈರಿಗಿಂತ ಹೆಚ್ಚು ಎಡವುವುದು ಕೂರಿಸುವ ಕೆಲಸದಲ್ಲಿ. ಕರಾವಳಿಯ ಕಾರಿನಲ್ಲಿ ರಿಮ್ಮು ಹಬ್ಬಿಗೆ (ಚಕ್ರವನ್ನು ನಟ್ಟಿನಿಂದ ಕೂರಿಸುವ ಭಾಗಕ್ಕೆ) ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ಸುತ್ತಿಗೆ ಬೀಸುವ ಮೊದಲು ನಟ್ಟುಗಳನ್ನು ಅರ್ಧ ಸುತ್ತಷ್ಟೇ ಸಡಿಲಿಸಿ, ಜಾಕಿ ಇಳಿಸಿ, ಕಾರನ್ನು ಒಂದಡಿ ಹಿಂದೆ-ಮುಂದೆ ನೂಕಿಸಿ; ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಹಳೇ ಟೈರು ಬಿಚ್ಚಿದ ಮೇಲೆ ರಿಮ್ಮಿನ ಅಂಚು ನೋಡಿ. ಅಲ್ಲಿ ಹಪ್ಪಳದಂತೆ ಎದ್ದ ತುಕ್ಕಿದ್ದರೆ ಟ್ಯೂಬ್‌ಲೆಸ್ ಟೈರು ಎಷ್ಟು ಹೊಸದಾದರೂ ವಾರಕ್ಕೊಮ್ಮೆ ಗಾಳಿ ಕೇಳುತ್ತದೆ, ಬೈಗುಳ ಟೈರಿಗೆ ಬೀಳುತ್ತದೆ. ತಂತಿ ಬ್ರಶ್ಶಿನಿಂದ ಉಜ್ಜಿಸಿ, ತೆಳ್ಳಗೆ ಪ್ರೈಮರ್ ಹೊಡೆಸಿ, ಒಣಗಿದ ಮೇಲೆ ಬೀಡ್ ಸೀಲರ್ ಹಚ್ಚಿ ಕೂರಿಸಬೇಕು. ಒಣಗಲು ಹೊತ್ತು ಬೇಕು, ಹಾಗಾಗಿ ರಿಮ್ಮುಗಳನ್ನು ಹಿಂದಿನ ದಿನ ಕೊಟ್ಟುಬಂದರೆ ಅನುಕೂಲ. ಚುಚ್ಚಿದರೆ ಒಳಹೋಗುವಷ್ಟು ತುಕ್ಕಿದ್ದರೆ ರಿಮ್ಮೇ ಬದಲಿಸಿ. ಟ್ಯೂಬು ಹಾಕಿ ಮುಚ್ಚುವ ಉಪಾಯ ಬೇಡ, ಒರಟು ತುಕ್ಕು ಟ್ಯೂಬನ್ನು ತೂತು ಮಾಡುತ್ತದೆ.

ವಾಲ್ವು ನಾಲ್ಕಕ್ಕೂ ಹೊಸದೇ ಆಗಬೇಕು. ಟಿಆರ್ 413 ಎಂದು ಕೇಳಿ; ಹಳೇ ವಾಲ್ವಿನ ಬುಡ ಬಗ್ಗಿಸಿದರೆ ಬಿರುಕು ಕಾಣುತ್ತದೆ, ನಿಂತ ಕಾರುಗಳಲ್ಲಿ ಗಾಳಿ ಸೋರುವುದು ಹೆಚ್ಚಾಗಿ ಅಲ್ಲಿಂದಲೇ. ಟೈರಿನ ಮೇಲೆ ಬಾಣದ ಗುರುತಿದ್ದರೆ ಮುಂದಕ್ಕೆ ಉರುಳುವ ದಿಕ್ಕಿಗೆ ಇರಬೇಕು, ಹಳದಿ ಚುಕ್ಕೆ ಇದ್ದರೆ ವಾಲ್ವಿನ ಪಕ್ಕಕ್ಕೇ ಬರಬೇಕು. ಬ್ಯಾಲೆನ್ಸಿಂಗ್ ನಾಲ್ಕಕ್ಕೂ ಮಾಡಿಸಿ. ಗಾಳಿಯ ಬದಲು ನೈಟ್ರೋಜನ್ ತುಂಬಿಸಲು ದುಡ್ಡು ಕೊಡುವ ಅಗತ್ಯವಿಲ್ಲ. ನಟ್ಟನ್ನು ಗಾಳಿ ಗನ್ನಿನಿಂದ ಕೊನೆವರೆಗೆ ಬಿಗಿಸಲು ಬಿಟ್ಟರೆ ರಸ್ತೆಯಲ್ಲಿ ಪಂಕ್ಚರ್ ಆದಾಗ ಕಾರಿನ ಜೊತೆ ಬಂದ ಪಾನಾಗೆ ಅದು ಜಗ್ಗುವುದಿಲ್ಲ; ಕೈ ಪಾನಾದಲ್ಲಿ ಎದುರು-ಬದುರಾಗಿ ಬಿಗಿಸಲು ಹೇಳಿ, 50–100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ದುಡ್ಡಿನ ಲೆಕ್ಕದಲ್ಲಿ ಎರಡೇ ಟೈರು ಹಾಕಿಸುವವರಿಗೆ ಒಂದು ಮಾತು. ಮುಂದಿನ ಚಕ್ರ ಎಳೆಯುವ ಕಾರಾದರೂ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಬಹಳ ಕಡೆ ಮುಂದಕ್ಕೇ ಹಾಕಿಬಿಡುತ್ತಾರೆ. ಮುಂದಿನವು ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಆ್ಯಕ್ಸಿಲರೇಟರ್ ಬಿಟ್ಟರೆ ಹಿಡಿತಕ್ಕೆ ಬರುವ ಸಾಧ್ಯತೆ ಇದೆ. ಮಳೆಯಲ್ಲಿ ಘಟ್ಟದ ತಿರುವಿನಲ್ಲಿ ಹಿಂದಿನವು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸುಧಾರಿಸುವುದು ಪಳಗಿದ ಚಾಲಕರಿಗೂ ಕಷ್ಟ. ಹಾಗೆಂದು ಮುಂದೆ ಬಿರುಕು ಬಿಟ್ಟ ಜೋಡಿ ಉಳಿಸಿಕೊಳ್ಳಿ ಎಂದಲ್ಲ. ವಯಸ್ಸಾದ ಟೈರಾದರೆ ನಾಲ್ಕನ್ನೂ ಒಟ್ಟಿಗೇ ತೆಗೆಯಬೇಕು, ಒಂದು ಚೆನ್ನಾಗಿರುವುದನ್ನು ಸ್ಟೆಪ್ನಿಗೆ ಇಡೋಣ ಎಂಬ ಆಸೆಯನ್ನೂ ಬಿಡಬೇಕು.

ಹಾಕಿಸಿದ ಮೇಲಿನ ಕೆಲಸ ಸ್ವಲ್ಪ. ನಿಂತ ಟೈರು ತಿಂಗಳಿಗೆ ಒಂದೆರಡು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತಾನಾಗಿ ಕಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ಕಾರು ನಿಲ್ಲಿಸುವಾಗ ಕಂಪನಿ ಹೇಳಿದ್ದಕ್ಕಿಂತ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ಹಾಕಿ, ಸೈಡ್‌ವಾಲಿನ ಮೇಲಿರುವ ಗರಿಷ್ಠ ಮಿತಿಯೊಳಗೆ; ಓಡಿಸುವ ದಿನ ಇಳಿಸಿಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿದರೆ ಅದಕ್ಕಿಂತ ದೊಡ್ಡ ಆರೈಕೆ ಬೇರಿಲ್ಲ. ಅದಾಗದಿದ್ದರೆ ಕನಿಷ್ಠ ಅರ್ಧ ಸುತ್ತು ಉರುಳುವಷ್ಟು ನೂಕಿ ನಿಲ್ಲಿಸಿ. ಸಗಣಿ ಸಾರಿಸಿದ ನೆಲ ಅಥವಾ ಹಸಿ ಮಣ್ಣಿದ್ದರೆ ಚಕ್ರದಡಿ ಒಣ ಹಲಗೆ ಕೊಡಿ. ಹ್ಯಾಂಡ್‌ಬ್ರೇಕ್ ಎಳೆದಿಡುವ ಬದಲು ಗೇರಿನಲ್ಲಿಟ್ಟು ಕಲ್ಲು ಒಡ್ಡಿದರೆ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟುವುದೂ ತಪ್ಪುತ್ತದೆ. ಟೈರಿಗೆ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ, ಡೀಸೆಲ್ ಒರೆಸುವವರು ಇನ್ನೂ ಇದ್ದಾರೆ. ನೀರು, ಸ್ವಲ್ಪ ಸೋಪು ಸಾಕು.